ಭುಜಂಗ ಶೆಟ್ಟರ ಎರಡನೆಯ ಸೀನು

ಮಹನೀಯರೇ, ಎದುರಿಗಿದ್ದವನೊಬ್ಬ ಸೀನಿದಾಗ ಅವನಿಗೆ ಒಂದು ಮದ್ದನ್ನು ಹೇಳದೆ ಸುಮ್ಮನಿದ್ದ ಒಂದೇ ಒಂದು ದಿನ ನಿಮ್ಮ ಜೀವಮಾನದಲ್ಲಿ ಉಂಟೇ? ಎದೆಯ ಮೇಲೆ ಕೈಯಿಟ್ಟು ಹೇಳಿ. ಕಾಲು ಮುರಿದವನನ್ನು ಕಂಡರೆ ನೀವು ಮೂಳೆ ಕಟ್ಟುವವನ ಮನೆ ತೋರಿಸುತ್ತೀರಿ. ಹಾವು ಕಚ್ಚಿದವನನ್ನು ಕಂಡರೆ ವಿಷವೈದ್ಯನಲ್ಲಿಗೆ ಆಳನ್ನು ಓಡಿಸುತ್ತೀರಿ. ಸೀನಿದವನನ್ನು ಕಂಡೊಡನೆ ಮಾತ್ರ ನೀವೇ ವೈದ್ಯರಾಗಿಬಿಡುತ್ತೀರಿ. ದೇವರು ಪ್ರತಿಯೊಬ್ಬನಿಗೂ ಒಂದೊಂದು ಮೂಗನ್ನು ಕೊಟ್ಟಿರುವಾಗ, ಪರರ ಮೂಗಿನ ಮೇಲೆ ನಿಮಗೆ ಅಧಿಕಾರ ಕೊಟ್ಟವರು ಯಾರು? ಈ ಅನಧಿಕಾರ ಚೇಷ್ಟೆಯಿಂದ ಒಂದು ಮರ್ಯಾದಸ್ಥ ಕುಟುಂಬದ ಹೆಣ್ಣುಮಗಳ ಸಂಬಂಧ ತಪ್ಪಿಹೋಗುವುದರಲ್ಲಿತ್ತು. ಆ ವೃತ್ತಾಂತವನ್ನು ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ ಇಲ್ಲಿ ನಿರೂಪಿಸಲಾಗಿದೆ. ಓದುವಾಗ ನಿಮ್ಮ ಮುಖ ಕೆಂಪಾದರೆ ಅದು ಲೇಖನಿಯ ತಪ್ಪಲ್ಲ.

ದೇಲಂಪಾಡಿಯಲ್ಲಿ, ಕಾಡಿನ ಅಂಚಿಗೆ ಬಂದು ಬಸ್ಸು ತಿರುಗಿ ನಿಲ್ಲುವ ಜಾಗದಿಂದ ಕೂಗಳತೆ ದೂರದಲ್ಲಿ, ಭುಜಂಗ ಶೆಟ್ಟರ ಜಿನಸಿನ ಅಂಗಡಿಯಿತ್ತು. ಅಕ್ಕಿ, ಬೆಲ್ಲ, ಸೀಮೆಎಣ್ಣೆ, ಒಣಮೀನು ಮುಂತಾದವು ಎಲ್ಲ ಅಂಗಡಿಗಳಲ್ಲೂ ಇರತಕ್ಕವು. ಅವುಗಳ ಬಗ್ಗೆ ಶೆಟ್ಟರಿಗೆ ಅಭಿಮಾನವಿರಲಿಲ್ಲ. ಅಭಿಮಾನವಿದ್ದದ್ದು ಮೂಲೆಯ ಗಾಜಿನ ಬಾಗಿಲಿನ ಕಪಾಟಿನ ಮೇಲೆ. ಅದರೊಳಗೆ ತಲೆನೋವಿನ ಮುಲಾಮು, ನೀಲಗಿರಿ ಎಣ್ಣೆ, ಶೀತದ ಗುಳಿಗೆ, ಕೆಮ್ಮಿನ ಶರಬತ್ತು, ಹೀಗೆ ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಹುದಾದ ಸಕಲ ಔಷಧಗಳು ಸಾಲಾಗಿ ನಿಂತಿದ್ದವು. ಸೀಸೆಗಳ ಮೇಲಿನ ಇಂಗ್ಲಿಷು ಶೆಟ್ಟರಿಗೆ ಓದಲು ಬಾರದು. ಅದರಿಂದ ಏನೂ ಅಡ್ಡಿಯಾಗಲಿಲ್ಲ. ಮುಚ್ಚಳ ತೆಗೆದು ಒಮ್ಮೆ ಮೂಸಿ, "ಇದು ಸೊಂಟಕ್ಕೆ" ಅಥವಾ "ಇದು ಎದೆಗೆ" ಎಂದು ಅವರು ನಿರ್ಣಯಿಸುತ್ತಿದ್ದರು. ಊರವರು ಬೆನ್ನ ಹಿಂದೆ ಅವರನ್ನು 'ಕಪಾಟು ಡಾಕ್ಟರು' ಎನ್ನುತ್ತಿದ್ದರು. ಎದುರಿಗೆ ಹೇಳಿದ್ದರೂ ಅವರು ಬೇಸರಪಡುತ್ತಿರಲಿಲ್ಲ.

ಹೀಗೆ ಮೂಗನ್ನೇ ವಿದ್ಯೆಯಾಗಿ ಮಾಡಿಕೊಂಡ ಮನುಷ್ಯನಿಗೆ ವಿಧಿ ಮೂಗಿನಲ್ಲಿಯೇ ಶಿಕ್ಷೆಯನ್ನಿಟ್ಟಿತ್ತು. ಪ್ರತಿ ವರ್ಷ ಮಕರ ಮಾಸ ಬಂದು ಗೇರುಮರಗಳು ಹೂಬಿಡತೊಡಗಿದಾಗ ಭುಜಂಗ ಶೆಟ್ಟರು ಸೀನತೊಡಗುತ್ತಿದ್ದರು. ಅಂಗಡಿಯ ಹಿಂದೆಯೇ ಅವರ ಮನೆ. ಅಂಗಳದ ಅಂಚಿನಲ್ಲಿ ಕೊಂಬೆಗಳನ್ನು ನೆಲದವರೆಗೆ ಬಗ್ಗಿಸಿದ ಒಂದು ದೊಡ್ಡ ಗೇರುಮರ. ಅದರ ಕೆಳಗೆ ಶೆಟ್ಟರ ಬಟ್ಟೆಕುರ್ಚಿ. ಬೆಳಗ್ಗೆ ಕಾಫಿಯ ಲೋಟವನ್ನೂ ಹಿಂದಿನ ದಿನದ ಪತ್ರಿಕೆಯನ್ನೂ ಹಿಡಿದು ಅಲ್ಲಿ ಕುಳಿತರೆ, ಹೂಗಳು ಪತ್ರಿಕೆಯ ಮೇಲೂ ಕಾಫಿಯೊಳಗೂ ಅವರ ಮೀಸೆಯ ಮೇಲೂ ಉದುರುತ್ತಿದ್ದವು. ಅವರು ಹೂವನ್ನು ಒರಸಿಕೊಂಡು ಸೀನುತ್ತಿದ್ದರು, ಸೀನಿ ಹೂವನ್ನು ಒರಸಿಕೊಳ್ಳುತ್ತಿದ್ದರು. ತಲೆಯೆತ್ತಿ ನೋಡುವುದಕ್ಕೆ ಔಷಧದ ಖರ್ಚಿಲ್ಲ. ಅದಕ್ಕಾಗಿಯೇ ಏನೋ, ಯಾರೂ ನೋಡಲಿಲ್ಲ.

ಯಾರೂ ಎಂದರೆ ತಪ್ಪಾದೀತು. ಸೊಸೆ ಕಮಲ ನೋಡಿದ್ದಳು. ಶೆಟ್ಟರ ತಂಗಿ ಪುಷ್ಪಾವತಿಯ ಒಬ್ಬಳೇ ಮಗಳು ಅವಳು. ದಿನಾ ಬೆಳಗ್ಗೆ ಅಂಗಳ ಗುಡಿಸುವವಳು ಅವಳೇ. ಗೇರುಮರದ ಕೆಳಗೆ ಬಂದಾಗ ಸೆರಗನ್ನು ಮೂಗಿಗೆ ಕಟ್ಟಿಕೊಳ್ಳುತ್ತಿದ್ದಳು.

"ಮಾವ, ನೀವು ಕೂರುವ ಆ ಮರ..." ಎಂದು ಅವಳು ಆರಂಭಿಸುವಳು.

"ಮರದ ವಿಷಯ ಮತ್ತೆ ಮಾತಾಡುವ. ಆ ಮುಲಾಮು ತಾ" ಎಂದು ಶೆಟ್ಟರು ಅವಳನ್ನು ಕಳುಹಿಸುವರು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಒಂಟಿ ಸೀನು ಕೆಟ್ಟದ್ದು, ಜೋಡಿ ಸೀನು ಒಳ್ಳೆಯದು ಎಂಬುದು ನಮ್ಮ ಕಡೆಯ ನಂಬಿಕೆ. ಹೊರಟವನು ಒಂಟಿ ಸೀನು ಕೇಳಿದರೆ ಹಿಂತಿರುಗಿ ಕುಳಿತು, ಒಂದು ಗುಟುಕು ನೀರು ಕುಡಿದು, ಮತ್ತೆ ಹೊರಡಬೇಕು. ಇನ್ನೊಂದು ಸೀನು ಬಿದ್ದು ಜೋಡಿಯಾದರೆ ದೋಷವಿಲ್ಲ. ಭುಜಂಗ ಶೆಟ್ಟರ ಸೀನು ಯಾವಾಗಲೂ ಒಂಟಿ. ಒಂದು ಬಂದರೆ, ಇನ್ನೊಂದು ಬರುವಷ್ಟರಲ್ಲಿ ಬಸ್ಸು ಕಾಡನ್ನು ದಾಟಿರುತ್ತಿತ್ತು. ನೆರೆಮನೆಯ ಕಿಟ್ಟಣ್ಣ ರೈಗಳು ಗದ್ದೆಯ ವ್ಯಾಜ್ಯಕ್ಕಾಗಿ ಕಾಸರಗೋಡಿನ ಕೋರ್ಟಿಗೆ ಹೊರಟು, ಬೇಲಿಯಾಚೆಯ ಸೀನನ್ನು ಕೇಳಿ ಒಳಗೆ ಹೋಗಿ ಕುಳಿತು, ವಾಯಿದೆ ತಪ್ಪಿಸಿಕೊಂಡದ್ದುಂಟು.

"ಭುಜಂಗಣ್ಣ, ನಿಮ್ಮ ಮೂಗಿನಿಂದಾಗಿ ನನ್ನ ಗದ್ದೆ ಹೋಗ್ತದೆ" ಎಂದು ರೈಗಳು ದೂರುತ್ತಿದ್ದರು. ದೂರಿದ ಮೇಲೆ ಒಂದು ಮದ್ದನ್ನೂ ಹೇಳುತ್ತಿದ್ದರು.

ಆ ವರ್ಷ ಮಕರದಲ್ಲಿ ಕಮಲಳಿಗೆ ಹೊಸಂಗಡಿಯಿಂದ ಒಂದು ಸಂಬಂಧ ಕೂಡಿಬಂದಿತು. ಹುಡುಗ ಲೋಕನಾಥ, ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಯಾರದೋ ಮದುವೆಯ ಚಪ್ಪರದಲ್ಲಿ ಕಮಲಳನ್ನು ಕಂಡು, ಮನೆಗೆ ಹೋಗಿ ತಾಯಿಯ ಹತ್ತಿರ ತಾನೇ ಬಾಯಿಬಿಟ್ಟು ಹೇಳಿದ್ದನಂತೆ. ಹಿಂದೆ ಬಂದ ಎರಡು ಸಂಬಂಧಗಳಿಗೆ ಕಮಲ ಖಂಡತುಂಡವಾಗಿ ಬೇಡವೆಂದಿದ್ದಳು. ಈ ಸಲ ಏನನ್ನೂ ಹೇಳದೆ ಒಳಗೆ ಹೋಗಿ, ಯಾರೂ ಹೇಳದೆಯೇ, ಕಂಚಿನ ದೀಪವನ್ನು ಹುಣಸೆಹಣ್ಣು ಹಾಕಿ ಬೆಳಗತೊಡಗಿದಳು. ಪುಷ್ಪಾವತಿ ಅದನ್ನು ನೋಡಿ ಅಣ್ಣನ ಹತ್ತಿರ, "ಇದು ಆಗಬೇಕು ಅಣ್ಣ. ಹೇಗಾದರೂ ಆಗಬೇಕು" ಎಂದಳು.

ಭಾನುವಾರ ಮದುವೆಯ ನಿಶ್ಚಯ ಎಂದಾಯಿತು. ತಾಯಿಯ ಕಡೆಯಿಂದ ವಂಶ ಸಾಗುವ ಅಳಿಯಸಂತಾನದ ಕುಟುಂಬಗಳಲ್ಲಿ ಮಾತು ಕೊಡತಕ್ಕವನು ಹುಡುಗಿಯ ಸೋದರಮಾವ. ಎರಡು ಮನೆಗಳ ಸೋದರಮಾವಂದಿರು ವೀಳ್ಯದ ಹರಿವಾಣ ಹಿಡಿದು ಎದುರುಬದುರು ನಿಂತು, ಮಾತು ಕೊಟ್ಟು, ಹರಿವಾಣಗಳನ್ನು ಬದಲಾಯಿಸಿಕೊಂಡರೆ ಸಂಬಂಧ ಗಟ್ಟಿ. ಕಮಲಳಿಗೆ ಇದ್ದ ಸೋದರಮಾವ ಒಬ್ಬರೇ. ಆ ಸೋದರಮಾವನಿಗೆ ಇದ್ದ ಮೂಗೂ ಒಂದೇ.

ಅಪಾಯದ ಸುದ್ದಿ ತಂದವನು ಬಸ್ಸಿನ ಏಜೆಂಟ ಮಹಾಬಲ. ಹೊಸಂಗಡಿಯಿಂದ ಸುಳ್ಯದವರೆಗೆ ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ಹುಡುಗನ ಸೋದರಮಾವ ಯಾರು ಗೊತ್ತುಂಟಾ ಶೆಟ್ರೇ? ಉಗ್ಗಪ್ಪ ಶೆಟ್ರು."

"ಗೊತ್ತುಂಟು. ದೊಡ್ಡ ಮನುಷ್ಯ."

"ದೊಡ್ಡ ಮನುಷ್ಯ ಹೌದು. ಕಳೆದ ವರ್ಷ ಬಂದ್ಯೋಡಿನ ಹತ್ತಿರ ಒಂದು ಸಂಬಂಧಕ್ಕೆ ಹೋಗಿದ್ರು. ಅಂಗಳದಲ್ಲಿ ಎಮ್ಮೆ ಕಟ್ಟುವವ ಒಂದು ಸೀನು ಸೀನಿದ. ಒಂದೇ ಒಂದು. ಇವರು ಕಾಲು ತೊಳೆದ ನೀರು ಒಣಗುವ ಮೊದಲೇ ವಾಪಸು. ಪಾಯಸ ಒಲೆಯಲ್ಲೇ ಬಾಕಿ."

ಭುಜಂಗ ಶೆಟ್ಟರ ಕೈಯಲ್ಲಿದ್ದ ತಕ್ಕಡಿ ಬೆಲ್ಲದ ಕಡೆಗೆ ವಾಲಿತು. ಅವರು ಉತ್ತರ ಕೊಡುವುದಕ್ಕೆ ಬಾಯಿ ತೆರೆದರು. ಬಂದದ್ದು ಉತ್ತರವಲ್ಲ, ಸೀನು. ಒಂದು. ಮಹಾಬಲ ಸ್ವಲ್ಪ ಹೊತ್ತು ಕಾದ, ಇನ್ನೊಂದು ಬರಲಿಲ್ಲ.

"ಹೀಗೆ ಸೀನಿದ್ರೆ ಕಷ್ಟ ಉಂಟು ಶೆಟ್ರೇ" ಎಂದು ಅವನು ಮೆಲ್ಲಗೆ ಹೇಳಿದ.

ಆ ಕ್ಷಣದಿಂದ ಭುಜಂಗ ಶೆಟ್ಟರ ಮೂಗು ಅವರ ಸ್ವಂತ ಸೊತ್ತಾಗಿ ಉಳಿಯಲಿಲ್ಲ. ಅದು ಊರಿನ ಸಾರ್ವಜನಿಕ ಕಾಮಗಾರಿಯಾಯಿತು.

ಮೊದಲು ಅವರು ತಮ್ಮ ಕಪಾಟಿಗೇ ಶರಣುಹೋದರು. ಹಣೆಗೆ ಮುಲಾಮು, ಮೂಗಿನ ಬದಿಗಳಿಗೆ ನೀಲಗಿರಿ ಎಣ್ಣೆ, ಹೊಟ್ಟೆಗೆ ಶೀತದ ಗುಳಿಗೆ. ಕಣ್ಣಿನಿಂದ ನೀರು ಹರಿಯಿತು. ಗಿರಾಕಿಗಳು ಮನೆಯಲ್ಲಿ ಯಾರೋ ತೀರಿಹೋದರೆಂದು ತಿಳಿದು ಉಪ್ಪನ್ನು ಕೂಡ ದುಃಖದ ಸ್ವರದಲ್ಲಿ ಕೇಳಿದರು. ಸೀನು ಮಾತ್ರ ನಿಲ್ಲಲಿಲ್ಲ. ಮದ್ದು ಮಾರುವವನೇ ಸೀನುವುದನ್ನು ಕಂಡ ಒಬ್ಬ ಗಿರಾಕಿ, ಕೊಂಡುಹೋಗಿದ್ದ ಗುಳಿಗೆಗಳನ್ನು ಹಿಂತಿರುಗಿಸಿ ಬದಲಿಗೆ ಒಣಮೆಣಸು ಒಯ್ದನು. ಶೆಟ್ಟರಿಗೆ ಆದ ಅವಮಾನವನ್ನು ಬಣ್ಣಿಸುವುದು ಬೇಡ.

ಬಳಿಕ ಕಿಟ್ಟಣ್ಣ ರೈಗಳು ನಶ್ಯದ ಡಬ್ಬಿಯೊಡನೆ ಬಂದರು.

"ಬಾವಿ ಬತ್ತಿಸುವುದು ಹೇಗೆ ಹೇಳಿ? ಇದ್ದ ನೀರನ್ನೆಲ್ಲ ಸೇದಿ ಹಾಕುವುದು. ಸೀನೂ ಹಾಗೆಯೇ. ಭಾನುವಾರದ್ದನ್ನು ಇವತ್ತೇ ಸೀನಿ ಮುಗಿಸಿ."

ತರ್ಕ ಅಭೇದ್ಯವಾಗಿತ್ತು. ಶೆಟ್ಟರು ಎರಡು ದಿನ ನಶ್ಯ ಏರಿಸಿ ಸೀನಿದರು. ಬಾವಿ ಬತ್ತಲಿಲ್ಲ, ಬತ್ತಿದ್ದು ರೈಗಳ ನಶ್ಯದ ಡಬ್ಬಿ.

ಮನೆಯ ಹಿರಿಯಳು ಅಕ್ಕು. ಶೆಟ್ಟರಿಗೂ ಪುಷ್ಪಾವತಿಗೂ ದೊಡ್ಡಮ್ಮನಾದ ಅವಳು ಹೊಗೆಯ ಪಕ್ಷದವಳು. ಅರಿಸಿನದ ಕೊಂಬನ್ನು ಕೆಂಡದ ಮೇಲಿಟ್ಟು, ಶೆಟ್ಟರ ತಲೆಯ ಮೇಲೆ ಕಂಬಳಿ ಹೊದಿಸಿ, "ಎಳೆದುಕೋ ಭುಜಂಗ, ಎಳೆದುಕೋ. ನಿನ್ನ ಅಜ್ಜನಿಗೆ ಇದರಲ್ಲೇ ಗುಣವಾದ್ದು" ಎಂದಳು.

ಕಂಬಳಿಯೊಳಗಿಂದ ಕೆಮ್ಮುತ್ತ ಶೆಟ್ಟರು, "ಅಜ್ಜ ಹೇಗೆ ತೀರಿಕೊಂಡದ್ದು ದೊಡ್ಡಮ್ಮ?" ಎಂದು ಕೇಳಿದರು.

"ಅದು ಬೇರೆ ವಿಷಯ. ಸೀನಲಿಲ್ಲ, ಅಷ್ಟೆ."

ಬಾಗಿಲ ಬಳಿ ನಿಂತಿದ್ದ ಕಮಲ, "ದೊಡ್ಡಜ್ಜಿ, ಹೊಗೆ ಎಂತಕ್ಕೆ? ಆ ಮರದ..." ಎಂದಳು.

"ಮರದ ಚಕ್ಕೆಯೂ ಆಗ್ತದೆ. ಆದರೆ ಅರಿಸಿನವೇ ಲಾಯ್ಕ" ಎಂದು ಅಕ್ಕು ಇನ್ನೊಂದು ಕೊಂಬನ್ನು ಕೆಂಡಕ್ಕೆ ಹಾಕಿದಳು.

ದಿನವಿಡೀ ಹೊಗೆಯೆದ್ದ ಮನೆಯನ್ನು ಕಂಡು ಊರಿನಲ್ಲಿ ಬೇರೆಯೇ ಮಾತು ಹುಟ್ಟಿತು: ಶೆಟ್ಟರ ಮನೆಯಲ್ಲಿ ಸಿಡುಬು, ಮುಚ್ಚಿಟ್ಟಿದ್ದಾರೆ. ಮರುದಿನವೇ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಈಶ್ವರಪ್ರಸಾದರು ದೇವಿ ಹಾಕುವ, ಎಂದರೆ ಸಿಡುಬಿನ ಲಸಿಕೆ ಚುಚ್ಚುವ, ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಳದಲ್ಲಿ ಪ್ರತ್ಯಕ್ಷರಾದರು.

"ಸಾಂಕ್ರಾಮಿಕ ರೋಗವನ್ನು ಮುಚ್ಚಿಡುವುದು ಅಪರಾಧ. ಮನೆಯವರೆಲ್ಲ ಸಾಲಾಗಿ ಹೊರಗೆ ಬನ್ನಿ."

ಪುಷ್ಪಾವತಿಯ ಜೀವ ಬಾಯಿಗೆ ಬಂದಿತು. ಸಿಡುಬಿನ ಸುದ್ದಿ ಬಸ್ಸು ಹತ್ತಿ ಹೊಸಂಗಡಿಗೆ ಹೋದರೆ, ಒಂಟಿ ಸೀನಿನ ಅಗತ್ಯವೇ ಬೀಳದೆ ಎಲ್ಲವೂ ಮುಗಿಯುತ್ತಿತ್ತು. ಅವಳು ಕೈಮುಗಿದು ಇದ್ದ ವಿಷಯವನ್ನೆಲ್ಲ ಹೇಳಿದಳು. ಇನ್ಸ್‌ಪೆಕ್ಟರರು ಗಂಭೀರವಾಗಿ ಕೇಳಿದರು. ಶೆಟ್ಟರ ಕಣ್ಣಿನ ರೆಪ್ಪೆಯನ್ನೆತ್ತಿ ನೋಡಿದರು. ಸರಕಾರದ ಸಂಬಳ ಪಡೆಯುವ, ಕಾಯಿಲೆಯ ಮೂಲವನ್ನು ಹುಡುಕುವುದಕ್ಕೆಂದೇ ನೇಮಕವಾದ ಒಬ್ಬ ಅಧಿಕಾರಿಯಾದರೂ ಮೇಲಕ್ಕೆ ನೋಡಬಹುದೆಂದು ನೀವು ಆಶಿಸಿರಬಹುದು. ಅವರ ಟೋಪಿಯ ಮೇಲೆಯೇ ಗೇರುಹೂ ಬಿದ್ದಿತ್ತು. ಅವರು ಟೋಪಿ ಕೊಡವಿ, ಸ್ವರ ತಗ್ಗಿಸಿ, "ಇದು ಇಲಾಖೆಯ ಮಾತಲ್ಲ, ಶೆಟ್ರೇ. ಹತ್ತಿಯನ್ನು ಸಾಸಿವೆ ಎಣ್ಣೆಯಲ್ಲಿ ಅದ್ದಿ ಮೂಗಿಗೆ ಇಟ್ಟುಕೊಳ್ಳಿ. ನಮ್ಮ ಅತ್ತೆಯವರ ಮದ್ದು. ಕೈಬಿಟ್ಟದ್ದಿಲ್ಲ" ಎಂದು ಹೇಳಿ, ಮನೆಯವರಿಗೆಲ್ಲ ದೇವಿ ಹಾಕಿ ಹೊರಟುಹೋದರು.

ಶನಿವಾರ ಸಂಜೆ ಮಹಾಬಲ ಕಾಗದದ ಒಂದು ಪೊಟ್ಟಣವನ್ನು ಗುಟ್ಟಾಗಿ ಶೆಟ್ಟರ ಕೈಗಿತ್ತನು.

"ಮಂಗಳೂರಿನಿಂದ ಡ್ರೈವರನ ಹತ್ತಿರ ತರಿಸಿದ್ದು. ಹೊಸ ಮಾತ್ರೆ. ಡಾಕ್ಟರು ಬೇಡ, ಚೀಟಿ ಬೇಡ, ಕೇಳಿದವರಿಗೆ ಕೊಡ್ತಾರೆ. ಒಂದು ನುಂಗಿದ್ರೆ ಮೂಗು ಬಾಗಿಲು ಹಾಕ್ತದೆ. ಬಾಯಿ ಒಣಗ್ತದೆ, ಸ್ವಲ್ಪ ನಿದ್ದೆ ಬರ್ತದೆ, ಅಷ್ಟೇ."

"ನಿದ್ದೆ ಬರ್ತದೆ ಅಂತ ಹೇಗೆ ಗೊತ್ತು?"

"ಡ್ರೈವರ ಒಂದು ನುಂಗಿ ನೋಡಿದ. ಕುಂಬಳೆ ದಾಟಿದ್ದು ಅವನಿಗೆ ನೆನಪಿಲ್ಲವಂತೆ."

ಭುಜಂಗ ಶೆಟ್ಟರು ಪೊಟ್ಟಣವನ್ನು ಮೂಸಿ ನೋಡಿದರು. ಮೂಗಿನಲ್ಲಿ ಸಾಸಿವೆ ಎಣ್ಣೆಯ ಹತ್ತಿಯಿದ್ದುದರಿಂದ ವಾಸನೆ ತಿಳಿಯಲಿಲ್ಲ. ವಾಸನೆ ಬಾರದ ಮದ್ದು ಬಲಿಷ್ಠವಾದದ್ದೆಂದು ಅವರು ತೀರ್ಮಾನಿಸಿದರು. ಒಂದು ಮಾತ್ರೆ ಸಾಧಾರಣ ಮನುಷ್ಯನಿಗೆ. ಮಾತು ಕೊಡಬೇಕಾದ ಸೋದರಮಾವನಿಗೆ ಒಂದು ಸಾಲದು ಎಂದು ಭಾನುವಾರ ಬೆಳಗ್ಗೆ ಏಳುತ್ತಲೇ ಹತ್ತಿಯನ್ನು ತೆಗೆದೆಸೆದು ಎರಡು ನುಂಗಿದರು. ಪುಷ್ಪಾವತಿಯ ಕಳವಳದ ಮುಖ ನೋಡಿ ಇನ್ನೊಂದು ನುಂಗಿದರು. ಗುಡ್ಡದ ತಿರುವಿನಲ್ಲಿ ಗಂಡಿನ ಕಡೆಯವರ ಕೊಡೆಗಳು ಕಾಣಿಸಿಕೊಂಡಾಗ ಉಳಿದದ್ದನ್ನೂ ನುಂಗಿದರು.

ಉಗ್ಗಪ್ಪ ಶೆಟ್ಟರು ಎತ್ತರದ ಆಳು. ಬಿಳಿ ಅಂಗಿ, ಜರಿಯ ಶಾಲು, ಬೆಳ್ಳಿ ಕಟ್ಟಿದ ಬೆತ್ತ. ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯುವ ಮೊದಲು ಸುತ್ತಲೂ ಒಮ್ಮೆ ಕಿವಿಗೊಟ್ಟು ಕೇಳಿದರು. ನೆರೆದವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕಿಟ್ಟಣ್ಣ ರೈಗಳಂತೂ ಉಸಿರನ್ನೇ ಎಣಿಸಿ ಬಿಡುತ್ತಿದ್ದರು.

"ಸೀನು ಅಂದ್ರೆ ಎಂತ?" ಎಂದು ಉಗ್ಗಪ್ಪ ಶೆಟ್ಟರು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರು. "ಮನಸ್ಸಿನ ದೌರ್ಬಲ್ಯ. ನಾನು ಕೊನೆಗೆ ಸೀನಿದ್ದು ಯಾವಾಗ ಅಂತ ನನಗೇ ಗೊತ್ತಿಲ್ಲ."

ಭುಜಂಗ ಶೆಟ್ಟರು ತಲೆಯಾಡಿಸಿದರು. ಸಮ್ಮತಿಯಿಂದಲ್ಲ, ತಲೆ ತಾನಾಗಿ ತೂಗುತ್ತಿತ್ತು. ಆದರೆ ಮೂಗು ಶಾಂತವಾಗಿತ್ತು. ಬಾಗಿಲ ಹಿಂದೆ ನಿಂತಿದ್ದ ಪುಷ್ಪಾವತಿ ಬೆರಳುಗಳನ್ನು ಹೆಣೆದುಕೊಂಡು ಅಣ್ಣನ ಮೂಗಿನ ತುದಿಯನ್ನೇ ನೋಡುತ್ತಿದ್ದಳು. ಗಂಡಿನ ಕಡೆಯವರ ನಡುವೆ ಕುಳಿತಿದ್ದ ಲೋಕನಾಥ ಬಾಗಿಲನ್ನು ನೋಡುತ್ತಿದ್ದ. ಬಾಗಿಲ ಸಂದಿಯಿಂದ ಕಮಲ ಅವನನ್ನು ನೋಡಿದಳು, ಮಾವನನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು.

ಮುಹೂರ್ತ ಬಂದಿತು. ದೀಪ ಬೆಳಗಿತು. ಇಬ್ಬರು ಸೋದರಮಾವಂದಿರು ಹರಿವಾಣ ಹಿಡಿದು ಎದುರುಬದುರು ನಿಂತರು. ಭುಜಂಗ ಶೆಟ್ಟರು, "ಈ ಮನೆಯ ಹೆಣ್ಣನ್ನು" ಎಂದು ಆರಂಭಿಸಿದರು. ನಾಲಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತು. ಅದನ್ನು ಬಿಡಿಸಿಕೊಂಡು "ನಿಮ್ಮ ಮನೆಗೆ" ಎಂಬಲ್ಲಿಗೆ ಬಂದಾಗ ಅಂಗಳದಿಂದ ಒಂದು ತಣ್ಣನೆಯ ಗಾಳಿ ಬೀಸಿತು. ಗಾಳಿಯೊಡನೆ ಒಂದೇ ಒಂದು ಗೇರುಹೂ ತೇಲಿ ಬಂದು, ಹರಿವಾಣದ ವೀಳ್ಯದೆಲೆಗಳ ಮೇಲೆ, ಸರಿಯಾಗಿ ಅವರ ಮೂಗಿನ ಕೆಳಗೆ ಇಳಿಯಿತು.

ಅನಂತರ ಕೇಳಿದ ಸದ್ದಿಗೆ ದೀಪದ ಒಂದು ಬತ್ತಿ ಆರಿತು.

ಎಲ್ಲರೂ ಕಾದರು. ಭುಜಂಗ ಶೆಟ್ಟರೂ ಕಾದರು. ಎರಡನೆಯದು ಬರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಆ ಮನೆಯ ಪ್ರತಿಯೊಬ್ಬರೂ ಭುಜಂಗ ಶೆಟ್ಟರು ಇನ್ನೊಮ್ಮೆ ಸೀನಲಿ ಎಂದು ದೇವರನ್ನು ಬೇಡಿಕೊಂಡರು.

ಉಗ್ಗಪ್ಪ ಶೆಟ್ಟರು ತಮ್ಮ ಹರಿವಾಣವನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡರು.

"ಒಂಟಿ" ಎಂದರು.

"ಬರ್ತದೆ, ಬರ್ತದೆ" ಎಂದರು ಕಿಟ್ಟಣ್ಣ ರೈಗಳು. "ಇವರದ್ದು ಸ್ವಲ್ಪ ನಿಧಾನ."

"ಬರಲಿ. ನಾನು ಅನ್ಯಾಯ ಮಾಡುವವನಲ್ಲ. ಸಂಜೆಯ ಬಸ್ಸಿನವರೆಗೆ ಕಾಯುವ. ಜೋಡಿಯಾದ್ರೆ ಹರಿವಾಣ ಬದಲಾಯಿಸುವ. ಇಲ್ಲದಿದ್ರೆ ದೇವರು ಬೇಡ ಅಂತ ಹೇಳಿದ ಹಾಗೆ."

ಲೋಕನಾಥ, "ಮಾವ, ಅವರಿಗೆ ಶೀತ ಅಷ್ಟೇ..." ಎಂದ.

"ನೀನು ಕೂತುಕೋ" ಎಂದರು ಉಗ್ಗಪ್ಪ ಶೆಟ್ಟರು. ಅವನು ಕುಳಿತನು. ವಿದ್ಯಾವಂತರಾದ ನಮ್ಮ ತರುಣರು ಹೀಗೆ ಕುಳಿತುಕೊಳ್ಳುವ ವಿಷಯದಲ್ಲಿ ಹೇಳಬೇಕಾದದ್ದು ಬಹಳವಿದೆ. ಬೇರೆ ಸಂದರ್ಭದಲ್ಲಿ ಹೇಳಬಹುದು.

ವಾರವಿಡೀ ಸೀನನ್ನು ನಿಲ್ಲಿಸಲು ಶ್ರಮಿಸಿದ ಅದೇ ಮಹಾಶಯರು, ಅಷ್ಟೇ ಹುರುಪಿನಿಂದ, ಸೀನನ್ನು ಬರಿಸಲು ತೊಡಗಿದರು. ಒಬ್ಬನ ಮುಖದಲ್ಲಾದರೂ ನಾಚಿಕೆ ಕಾಣಿಸಿತೇ? ಇಲ್ಲ. ಕಿಟ್ಟಣ್ಣ ರೈಗಳು ಮನೆಗೆ ಓಡಿ ನಶ್ಯದ ಡಬ್ಬಿಯನ್ನು ತಂದು ತಳವನ್ನು ಕೆರೆದರು. ಧೂಳು ಕೂಡ ಉಳಿದಿರಲಿಲ್ಲ. ಅಕ್ಕುವಿನ ಅಪ್ಪಣೆಯಂತೆ ಕೆಂಡಕ್ಕೆ ಒಣಮೆಣಸು ಬಿದ್ದಿತು. ಗಂಡಿನ ಕಡೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಹಾರಿದರು. ಭುಜಂಗ ಶೆಟ್ಟರು ಹೊಗೆಯ ನಡುವೆ ಬುದ್ಧನಂತೆ ಕುಳಿತಿದ್ದರು. ಮಹಾಬಲ ಕೋಳಿಯ ಪುಕ್ಕವನ್ನು ತಂದು ಅವರ ಮೂಗಿನೊಳಗೆ ತಿರುಗಿಸಿದ.

"ಎಂತಾದ್ರೂ ಆಗ್ತದಾ ಶೆಟ್ರೇ?"

"ನಿದ್ದೆ ಆಗ್ತದೆ" ಎಂದರು ಶೆಟ್ಟರು.

"ಸೂರ್ಯನನ್ನು ನೋಡಿ."

ನೋಡಿದರು. ಕಣ್ಣು ಮುಚ್ಚಿಕೊಂಡಿತು. ಗೊರಕೆ ಕೇಳಿಸಿತು. ಪುಷ್ಪಾವತಿ ಅಣ್ಣನ ತೋಳನ್ನು ಹಿಡಿದು ಅಲುಗಿಸಿದಳು. "ಅಣ್ಣ, ಇಷ್ಟು ವರ್ಷ ನಾನು ನಿನ್ನ ಹತ್ತಿರ ಎಂತಾದರೂ ಕೇಳಿದ್ದುಂಟಾ? ಒಂದು ಸೀನು. ಒಂದೇ ಒಂದು. ಮಗುವಿಗೋಸ್ಕರ."

ಭುಜಂಗ ಶೆಟ್ಟರ ಕಣ್ಣುಗಳಲ್ಲಿ ನೀರು ಬಂದಿತು. ಈ ಸಲ ಅದು ನೀಲಗಿರಿ ಎಣ್ಣೆಯದ್ದಲ್ಲ. ಅವರು ಬಾಯಿ ತೆರೆದು, ಮುಖ ಕಿವುಚಿ, ಕುತ್ತಿಗೆಯನ್ನು ಹಿಂದಕ್ಕೆ ಚಾಚಿ, ತಮ್ಮ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿದರು. ಬಂದದ್ದು ಆಕಳಿಕೆ.

ಅಡುಗೆಮನೆಯ ಬಾಗಿಲಲ್ಲಿ ಕಮಲ, "ಅಮ್ಮ, ಮಾವನನ್ನು ಆ ಮರದ..." ಎಂದಳು.

"ಸುಮ್ಮನಿರು ಮಗಳೇ. ದೊಡ್ಡವರು ನೋಡಿಕೊಳ್ತಾ ಇದ್ದಾರೆ."

ದೊಡ್ಡವರು ಏನನ್ನು ನೋಡಿಕೊಳ್ಳುತ್ತಿದ್ದಾರೆಂಬುದನ್ನು ಕಮಲ ಒಂದು ಗಳಿಗೆ ನಿಂತು ನೋಡಿದಳು. ಅಂಗಳದ ಬಿಸಿಲಲ್ಲಿ ಬೆವರು ಒರಸಿಕೊಳ್ಳುತ್ತಿದ್ದ ಉಗ್ಗಪ್ಪ ಶೆಟ್ಟರನ್ನು ನೋಡಿದಳು. ಆಮೇಲೆ ಬೇರೆಯ ಸ್ವರದಲ್ಲಿ ಹೇಳಿದಳು:

"ಅಮ್ಮ, ಅವರಿಗೆ ಸೆಖೆ ಆಗ್ತಾ ಉಂಟು. ಮಾವನ ಕುರ್ಚಿ ಉಂಟಲ್ಲ, ಗೇರುಮರದ ಅಡಿಯಲ್ಲಿ. ಅಲ್ಲಿ ನೆರಳೂ ಉಂಟು, ಗಾಳಿಯೂ ಉಂಟು. ಅಲ್ಲಿ ಕೂರಿಸಿ."

ಆ ಮರದ ಬಗ್ಗೆ ಅವಳ ಮಾತನ್ನು ಕೊನೆಯವರೆಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಅತಿಥಿಸತ್ಕಾರದ ಮಾತಾದ್ದರಿಂದ ಕೇಳಿದರು. ಉಗ್ಗಪ್ಪ ಶೆಟ್ಟರನ್ನು ಉಪಚಾರದಿಂದ ಕರೆದೊಯ್ದು ಬಟ್ಟೆಕುರ್ಚಿಯಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿನಲ್ಲಿ ಕಮಲ ತಾನೇ ಎಳನೀರು ತಂದು ಕೊಟ್ಟು, ತಲೆ ತಗ್ಗಿಸಿ ಹಿಂತಿರುಗಿದಳು. ಹಿಂತಿರುಗುವಾಗ ತಗ್ಗಿನ ಕೊಂಬೆಯೊಂದು ಅವಳ ಭುಜಕ್ಕೆ ತಾಗಿತು. ಅವಳು ಹಿಂದೆ ನೋಡದೆ ಇನ್ನೊಮ್ಮೆ ತಾಗಿಸಿದಳು. ಉಗ್ಗಪ್ಪ ಶೆಟ್ಟರ ಜರಿಯ ಶಾಲಿನ ಮೇಲೆ, ಮೀಸೆಯ ಮೇಲೆ, ಎಳನೀರಿನೊಳಗೆ ಹೂಗಳು ಸುರಿದವು. ಹಿರಿಯರ ತಲೆಯ ಮೇಲೆ ಹೂ ಸುರಿಯುವುದು ನಮ್ಮಲ್ಲಿ ಗೌರವದ ಲಕ್ಷಣವಾದ್ದರಿಂದ ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ.

ಹೊತ್ತು ಇಳಿಯಿತು. ಬಸ್ಸಿನ ಹಾರ್ನು ಕೇಳಿಸಿತು. ಮಹಾಬಲ ಓಡಿಹೋಗಿ, ಟಯರು ನೋಡಲಿಕ್ಕುಂಟೆಂದು ಸುಳ್ಳು ಹೇಳಿ ಬಸ್ಸನ್ನು ನಿಲ್ಲಿಸಿ, ಮತ್ತೆ ಓಡಿಬಂದ. ಹಾರ್ನು ಇನ್ನೊಮ್ಮೆ ಕೂಗಿತು. ಜಗಲಿಯ ಕಂಬಕ್ಕೆ ಒರಗಿದ್ದ ಭುಜಂಗ ಶೆಟ್ಟರು ಮೂಗನ್ನು ಎರಡು ಕೈಗಳಿಂದಲೂ ತಿಕ್ಕುತ್ತಿದ್ದರು. ಅದು ಕೆಂಪಾಗಿ ಸೊಂಡಿಲಿನಂತೆ ಊದಿಕೊಂಡಿತ್ತೇ ಹೊರತು ಕೆಲಸಕ್ಕೆ ಬರಲಿಲ್ಲ. ಪುಷ್ಪಾವತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಉಗ್ಗಪ್ಪ ಶೆಟ್ಟರು ಕುರ್ಚಿಯಿಂದ ಎದ್ದು ಬೆತ್ತವನ್ನು ಕೈಗೆ ತೆಗೆದುಕೊಂಡರು.

"ಬೇಸರ ಬೇಡ ಶೆಟ್ರೇ. ನಮ್ಮ ಕೈಯಲ್ಲಿ ಎಂತ ಉಂಟು? ಒಂಟಿ ಅಂದ್ರೆ ಒಂಟಿ. ನಾವು ಇನ್ನು ಹೊರ..."

'ಡುವ' ಎಂಬ ಅಕ್ಷರಗಳು ಹೊರಬರಲಿಲ್ಲ. ಅವರ ಮುಖದಲ್ಲಿ ಆಶ್ಚರ್ಯದಂತಹ ಏನೋ ಒಂದು ಹಬ್ಬಿತು. ಹುಬ್ಬುಗಳು ಮೇಲಕ್ಕೇರಿದವು. ಬೆತ್ತ ನೆಲಕ್ಕೆ ಬಿದ್ದಿತು. ಆಮೇಲೆ ಅವರು ಸೀನಿದರು. ಎಷ್ಟೋ ವರ್ಷಗಳಿಂದ ಕೂಡಿಟ್ಟದ್ದು ಒಮ್ಮೆಲೇ ಬಂದಂತಿತ್ತು. ಬಸ್ಸಿನಲ್ಲಿ ಕುಳಿತವರು ಅದನ್ನು ಹಾರ್ನಿಗೆ ಉತ್ತರವೆಂದು ತಿಳಿದರಂತೆ.

ಒಂದು ಕಾಲನ್ನು ಮುಂದಿಟ್ಟು ಉಗ್ಗಪ್ಪ ಶೆಟ್ಟರು ಹಾಗೆಯೇ ನಿಂತರು. ಹೊರಡುವಾಗ ಒಂಟಿ ಸೀನು. ಅವರದೇ ನಿಯಮದ ಪ್ರಕಾರ ಅವರು ಇನ್ನೊಂದು ಹೆಜ್ಜೆ ಇಡುವ ಹಾಗಿಲ್ಲ.

ಜಗಲಿಯ ಮೂಲೆಯಿಂದ ಅಕ್ಕು ಮೊಣಕಾಲ ಮೇಲೆ ಕೈಯೂರಿ ಎದ್ದಳು.

"ಕೂತುಕೊಳ್ಳಿ" ಎಂದಳು. "ಹೊರಡುವಾಗ ಒಂಟಿ ಸೀನಿದವರು ಹೊರಡುವ ಕ್ರಮ ಇಲ್ಲ."

"ಅದು... ಅಕ್ಕ, ಅದು ಹೂವು..." ಎಂದು ಉಗ್ಗಪ್ಪ ಶೆಟ್ಟರು ತೊದಲಿದರು.

"ಹೂವೋ ಕಾಯಿಯೋ ನನಗೆ ಗೊತ್ತಿಲ್ಲ. ಹೆಣ್ಣಿನ ಮಾವ ಒಂದು ಸೀನಿದ. ನೀವು ಜೋಡಿಗೆ ಕಾಯುವ ಅಂದಿರಿ. ಗಂಡಿನ ಮಾವ ಈಗ ಒಂದು ಸೀನಿದಿರಿ. ಈ ಮನೆಯದ್ದು ಒಂದು, ಆ ಮನೆಯದ್ದು ಒಂದು. ಇದಕ್ಕೆ ಜೋಡಿ ಅಂತ ಹೇಳದಿದ್ದರೆ ಮದುವೆಗೆ ಎಂತ ಹೇಳುವುದು?"

ಲೋಕನಾಥ ಎದ್ದು ನಿಂತ. ಈ ಸಲ ಕೂತುಕೋ ಎಂದು ಯಾರೂ ಹೇಳಲಿಲ್ಲ. ಉಗ್ಗಪ್ಪ ಶೆಟ್ಟರು ಅಕ್ಕುವಿನ ಮಾತಿನಲ್ಲಿ ಒಂದು ದೋಷವನ್ನು ಹುಡುಕುತ್ತಿದ್ದರು. ಆದರೆ ಹುಡುಕುವುದಕ್ಕೆ ಅವರಿಗೆ ಸಮಯವಿರಲಿಲ್ಲ: ಹುಬ್ಬುಗಳು ಮತ್ತೆ ಮೇಲಕ್ಕೇರತೊಡಗಿದ್ದವು. ಇನ್ನೊಂದು ಬಿದ್ದರೆ ಜೋಡಿ ಕೆಟ್ಟು ಮೂರಾಗುತ್ತದೆ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

"ಹರಿವಾಣ, ಹರಿವಾಣ ತನ್ನಿ" ಎಂದು ಕಿಟ್ಟಣ್ಣ ರೈಗಳು ಕೂಗಿದರು. ಪುಷ್ಪಾವತಿ ಎರಡು ಹರಿವಾಣಗಳನ್ನೂ ಎತ್ತಿಕೊಂಡು ಓಡಿಬಂದಳು. ಮಹಾಬಲ ಉಗ್ಗಪ್ಪ ಶೆಟ್ಟರ ಮೂಗನ್ನು ಎರಡು ಬೆರಳುಗಳಲ್ಲಿ ಭದ್ರವಾಗಿ ಹಿಡಿದುಕೊಂಡನು. ಭುಜಂಗ ಶೆಟ್ಟರು ನಿದ್ದೆಯನ್ನು ಕೊಡವಿ, ಒಣಗಿದ ನಾಲಗೆಯನ್ನು ಒಮ್ಮೆ ಹೊರಳಿಸಿ, "ಈ ಮನೆಯ ಹೆಣ್ಣನ್ನು ನಿಮ್ಮ ಮನೆಗೆ ಕೊಟ್ಟೆವು" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. "ತಂದುಕೊಂಡೆವು" ಎಂದರು ಉಗ್ಗಪ್ಪ ಶೆಟ್ಟರು, ಹಿಡಿದ ಮೂಗಿನೊಳಗಿಂದ. ಹರಿವಾಣಗಳು ಬದಲಾದವು. ಮಹಾಬಲ ಕೈಬಿಟ್ಟ. ಅದರ ಮುಂದಿನ ಸೀನುಗಳನ್ನು ಯಾರೂ ಎಣಿಸಲಿಲ್ಲ.

ಇಲ್ಲಿಗೆ ಕಥೆ ಮುಗಿದು ಎಲ್ಲರಿಗೂ ಬುದ್ಧಿ ಬಂದಿತೆಂದು ನೀವು ಭಾವಿಸುವುದಾದರೆ, ನೀವು ನಿಮ್ಮನ್ನೇ ಅರಿತಿಲ್ಲ. ಬಸ್ಸಿನ ತನಕ ನಡೆದ ಆ ಸ್ವಲ್ಪ ದಾರಿಯಲ್ಲಿ ಉಗ್ಗಪ್ಪ ಶೆಟ್ಟರು ಸೀನುತ್ತ ಮುಂದೆ. ಊರು ಮದ್ದು ಹೇಳುತ್ತ ಹಿಂದೆ. ಅಕ್ಕು ಅರಿಸಿನದ ಕೊಂಬನ್ನು ಅವರ ಜೇಬಿಗೆ ತುರುಕಿದ್ದಳು. ಹೊಸ ನಶ್ಯವನ್ನು ಟಪಾಲಿನಲ್ಲಿ ಕಳುಹಿಸುವುದಾಗಿ ರೈಗಳು ಮಾತು ಕೊಟ್ಟರು. ಎಲ್ಲರಿಗಿಂತ ಗಟ್ಟಿಯಾಗಿ ಮದ್ದು ಹೇಳಿದವರು ಯಾರು? ವಾರವಿಡೀ ಇದೇ ನರಕವನ್ನು ಅನುಭವಿಸಿದ ಭುಜಂಗ ಶೆಟ್ಟರು. ಕಪಾಟಿನಿಂದ ನೀಲಗಿರಿ ಎಣ್ಣೆಯ ಸೀಸೆ ತೆಗೆದು, ಮುಚ್ಚಳ ಬಿಚ್ಚಿ, ಏನೂ ವಾಸನೆ ಬಾರದ ಮೂಗಿನಿಂದ ಒಮ್ಮೆ ಮೂಸಿ, "ಇದು ನಿಮ್ಮದಕ್ಕೇ. ನನ್ನ ಅನುಭವ ಉಂಟು" ಎಂದು ಉಗ್ಗಪ್ಪ ಶೆಟ್ಟರ ಕೈಯಲ್ಲಿಟ್ಟರು.

ಬಸ್ಸು ಹೋದ ಮೇಲೆ ಅವರು ಮನೆಗೆ ಬಂದು, ದಣಿದು, ತಮ್ಮ ಬಟ್ಟೆಕುರ್ಚಿಯಲ್ಲಿ, ಗೇರುಮರದ ಕೆಳಗೆ ಕುಳಿತರು.

ಕಮಲ ದೀಪವನ್ನು ಒಳಗೆ ಇಟ್ಟು ಬಂದವಳು ನಿಂತಳು. "ಮಾವ," ಎಂದಳು, "ಆ ಮರ..."

"ಮರಕ್ಕೆ ಎಂತ ಮಾರಾಯ್ತಿ?" ಎಂದರು ಬೇಲಿಯಾಚೆಯಿಂದ ಕಿಟ್ಟಣ್ಣ ರೈಗಳು. "ಎಲ್ಲ ನನ್ನ ನಶ್ಯದಿಂದ ಆದ್ದು. ಬಾವಿಯನ್ನು ಮೊದಲೇ ಬತ್ತಿಸಿದ್ದಕ್ಕೆ ಒಂದರಲ್ಲಿ ನಿಂತಿತು."

ಕಮಲ ನಕ್ಕು ಒಳಗೆ ಹೋದಳು. ಅವಳಿಗೆ ಬೇಕಾದದ್ದು ಆಗಿತ್ತು.

ಅವಳು ಈಗ ಹೊಸಂಗಡಿಯಲ್ಲಿದ್ದಾಳೆ. ದೇಲಂಪಾಡಿಯಲ್ಲಿ ಮತ್ತೆ ಮಕರ ಮಾಸ ಬರುತ್ತಿದೆ, ಕುರ್ಚಿ ಅಲ್ಲಿಯೇ ಇದೆ, ಮತ್ತು ಆ ವಾಕ್ಯವನ್ನು ಆರಂಭಿಸುವುದಕ್ಕೂ ಆ ಮನೆಯಲ್ಲಿ ಈಗ ಯಾರೂ ಇಲ್ಲ. ಆದ್ದರಿಂದ ಮಹನೀಯರೇ, ನಿಮ್ಮಲ್ಲಿ ಒಂದು ವಿಜ್ಞಾಪನೆ. ಆ ದಾರಿಯಾಗಿ ಹೋಗುವಾಗ ಗೇರುಮರದ ಕೆಳಗೆ ಒಬ್ಬ ಮನುಷ್ಯ ಸೀನುವುದು ಕೇಳಿಸಿದರೆ, ನಾಲಗೆಯ ತುದಿಗೆ ಬಂದ ಮದ್ದನ್ನು ದಯವಿಟ್ಟು ನುಂಗಿಕೊಳ್ಳಿ. ಕುರ್ಚಿಯ ಎರಡು ಕಾಲುಗಳನ್ನು ನೀವು ಹಿಡಿಯಿರಿ, ಉಳಿದೆರಡನ್ನು ಹಿಡಿಯಲು ಕಿಟ್ಟಣ್ಣ ರೈಗಳನ್ನು ಕರೆಯಿರಿ, ಮತ್ತು ಶೆಟ್ಟರು ಕುಳಿತಿರುವಂತೆಯೇ ಅದನ್ನು ಎತ್ತಿ ಜಗಲಿಯಲ್ಲಿ ಇಟ್ಟುಬಿಡಿ.